ಯಂತ್ರ ಮೊದಲೋ, ಸಂಘ ಮೊದಲೋ?

ಯಂತ್ರವೊಂದು ಬಂದರೆ ಸಮಾಜವು ತಾನಾಗಿಯೇ ಸುಧಾರಿಸುವುದೆಂದು ಸಾರುವ ಮಹನೀಯರು ನಮ್ಮಲ್ಲಿ ಕಡಿಮೆಯಿಲ್ಲ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಮಗೆ ಈ ವಾದವು ಬಾವಿ ತೋಡದೆ ರಾಟೆ ಕಟ್ಟಿದಂತೆ ತೋರುತ್ತದೆ.

ಕೋಕೋ ಬೆಳೆಯನ್ನೇ ನೋಡಿರಿ. ಕಾಸರಗೋಡು, ಪುತ್ತೂರು ಸೀಮೆಯ ಅಡಿಕೆ ತೋಟಗಳಿಗೆ ಉಪಬೆಳೆಯಾಗಿ ಬಂದ ಇದರ ಹಸಿ ಬೀಜವು ತಡೆದಿಡುವ ಸರಕಲ್ಲ; ಬೇಗನೆ ರಾಶಿ ಹಾಕಿ, ಕೆಲವು ದಿನ ಹುಳಿಯಿಸಿ, ಒಣಗಿಸಬೇಕು. ರಾಶಿ ತೀರ ಚಿಕ್ಕದಾದರೆ ಕಾವು ನಿಲ್ಲದು. ಹತ್ತು ಗಿಡದ ಒಡೆಯನು ಒಬ್ಬನೇ ಏನು ಮಾಡಿಯಾನು? 1980ರ ಸುಮಾರಿಗೆ ಲೋಕದ ಪೇಟೆಯಲ್ಲಿ ಧಾರಣೆ ಕುಸಿದು ಖಾಸಗಿ ಕೊಳ್ಳುಗರು ಕೈಯೆತ್ತಿದಾಗ, ಬೆಳೆಗಾರರು ಗಿಡಗಳಿಗೆ ಕೊಡಲಿ ಹಾಕತೊಡಗಿದರು. ಆಗ ತಕ್ಕಡಿ ಹಿಡಿದು ಮುಂದೆ ಬಂದುದು ಯಾವ ಯಂತ್ರವೂ ಅಲ್ಲ. ಅಡಿಕೆಯ ಬೆಲೆ ಬಿದ್ದ ಸಂಕಟದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಎರಡೂ ರಾಜ್ಯಗಳ ಬೆಳೆಗಾರರು ಕೂಡಿ ಕಟ್ಟಿದ್ದ ಕ್ಯಾಂಪ್ಕೋ ಸಹಕಾರಿ ಸಂಘ. 1956ರಲ್ಲಿ ಎಳೆದ ಗಡಿಗೆರೆಯನ್ನು ಆ ತಕ್ಕಡಿಯಾದರೂ ಲೆಕ್ಕಿಸಲಿಲ್ಲ!

ಕೊಂಡ ಬೀಜವನ್ನು ಏನು ಮಾಡುವುದು? ಆ ಪ್ರಶ್ನೆಗೆ ಉತ್ತರವಾಗಿ 1986ರಲ್ಲಿ ಪುತ್ತೂರಿನ ಚಾಕೊಲೇಟು ಕಾರ್ಖಾನೆ ಎದ್ದಿತು. ಅಲ್ಲಿಂದ ಮಾತು ತಿರುಗಿತು. ಯಂತ್ರಕ್ಕೆ ಎಡೆಬಿಡದೆ ಬೀಜ ಬೇಕು; ಆದುದರಿಂದ ಧಾರಣೆ ಏರಿದಾಗಲೂ ಇಳಿದಾಗಲೂ ಸಂಘವು ಬೆಳೆಗಾರನ ಕೈಬಿಡುವಂತಿಲ್ಲ.

ಈಗ ಅಡಿಕೆ ಕೊಯ್ಯಲು ಕಾರ್ಬನ್ ಫೈಬರಿನ ಉದ್ದ ದೋಟಿ ಬಂದಿದೆ. ಮರವೇರದೆ ನೆಲದಿಂದಲೇ ಗೊನೆ ಇಳಿಸಬಹುದು. ಒಳ್ಳೆಯದೇ, ಸ್ವಾಗತವೇ. ಆದರೆ ಅರ್ಧ ಎಕರೆಯವನು ಅದನ್ನು ಹೇಗೆ ಕೊಳ್ಳಬೇಕು? ಹಿಡಿಯಲು ಯಾರು ಕಲಿಸಬೇಕು? ಊರಿಗೊಂದನ್ನು ತಂದು ಸರದಿಯಲ್ಲಿ ಬಳಸುವ ಏರ್ಪಾಡು ಯಾರದು? ಮೇಳಗಳಲ್ಲಿ ದೋಟಿಯ ಉದ್ದವನ್ನಷ್ಟೇ ಕಂಡು ಚಪ್ಪಾಳೆ ತಟ್ಟುವವರನ್ನು ನಾವು ಕೇಳುತ್ತಿರುವುದು ಇಷ್ಟನ್ನೇ.