ಊರು ನೋಡಿದ್ದು, ಊರಿನಲ್ಲಿ ಇದ್ದದ್ದು

ಪರೀಕ್ಷೆ ಮುಗಿದು ಪುಸ್ತಕಗಳು ಅಟ್ಟ ಸೇರುವ ಹೊತ್ತಿಗೆ ಮನೆಮನೆಯಲ್ಲೂ ಒಂದೇ ಮಾತು ಏಳುತ್ತದೆ: 'ಈ ಸಲ ರಜಕ್ಕೆ ಎಲ್ಲಿಗೆ?' ಕೈಯಲ್ಲಿ ನಾಲ್ಕು ಕಾಸು ಓಡಾಡುವ ಮನೆಗಳಲ್ಲಿ ಸಿಂಗಪುರ, ಬ್ಯಾಂಕಾಕ್, ದುಬೈಗಳ ಹೆಸರು ಕೇಳಿಬರುತ್ತದೆ. ಅಷ್ಟು ಶಕ್ತಿ ಇಲ್ಲದವರು ಮೈಸೂರು, ಊಟಿ ಎನ್ನುತ್ತಾರೆ. ಶಾಲೆಯವರು ಮೂರು ದಿನಕ್ಕೆ ಹನ್ನೆರಡು ಸ್ಥಳಗಳ ಪಟ್ಟಿ ಹಾಕಿ ಬಸ್ಸು ಗೊತ್ತುಮಾಡುತ್ತಾರೆ. ಹೋಗುವ ಊರು ಯಾವುದಾದರೂ ರೀತಿ ಮಾತ್ರ ಒಂದೇ. ಬೆಳಿಗ್ಗೆ ಆರಕ್ಕೆ ಎದ್ದು ಓಡಬೇಕು, ಇಳಿಯಬೇಕು, ಫೋಟೋ ತೆಗೆಸಿಕೊಳ್ಳಬೇಕು, ಹತ್ತಬೇಕು. ರಾತ್ರಿ ಹೋಟೆಲಿನ ಹಾಸಿಗೆಯ ಮೇಲೆ ಬಿದ್ದರೆ ಆ ಊರಿನ ಹೆಸರೂ ನೆನಪಿಗೆ ಬರುವುದಿಲ್ಲ.

ಮನೆಗೆ ಮರಳಿದ ಮಗುವನ್ನು ಅಜ್ಜಿ ಕೇಳುತ್ತಾಳೆ: 'ಏನೇನ್ ನೋಡಿ ಬಂದ್ಯೋ ತಮ್ಮಾ?' ಮಗು ಪಟ್ಟಿ ಒಪ್ಪಿಸುತ್ತದೆ. ಅಜ್ಜಿ ಮತ್ತೆ ಕೇಳುತ್ತಾಳೆ: 'ಅಲ್ಲಿ ಮಂದಿ ಏನ್ ಉಣ್ತಾರ? ಹೆಂಗ ಇರ್ತಾರ?' ಈ ಪ್ರಶ್ನೆಗೆ ಉತ್ತರವಿಲ್ಲ. ಮಗು ಊರನ್ನು ನೋಡಿದ್ದು ನಿಜ. ಆದರೆ ಊರಿನಲ್ಲಿ ಇದ್ದು ಬಂದಿಲ್ಲ.

ಹಿಂದಿನ ಕಾಲದ ಪ್ರವಾಸಿಗಳಿಗೆ ಈ ಓಟದ ಸುಖ ಸಿಕ್ಕಿರಲಿಲ್ಲ. ಹಡಗಿಗೆ ಗಾಳಿ ಬರಬೇಕು, ಹೊಳೆ ಇಳಿಯಬೇಕು, ಅರಸನ ಅಪ್ಪಣೆ ದೊರೆಯಬೇಕು. ಅಲ್ಲಿಯವರೆಗೆ ಹೋದಲ್ಲಿ ತಂಗಲೇಬೇಕು. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬಂದುಹೋಗುವ ಅಬ್ದುಲ್ ರಜಾಕ್ ಇಂಥವನು. ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ಹೊರಟು, ಕಲ್ಲಿಕೋಟೆಯಲ್ಲಿ ಬೇಸರದಿಂದ ದಿನ ಕಳೆದು, ಮಂಗಳೂರಿನ ಮೂಲಕ ಘಟ್ಟ ಹತ್ತಿ 1443ರ ಏಪ್ರಿಲ್ ಕೊನೆಯ ಸುಮಾರಿಗೆ ವಿಜಯನಗರ ಮುಟ್ಟಿದ. ಇಮ್ಮಡಿ ದೇವರಾಯನ ಕಾಲ. ಅಲ್ಲಿ ಅವನು ಉಳಿದದ್ದು ತಿಂಗಳುಗಟ್ಟಲೆ. ಉಳಿಯಲು ಒಂದು ಮನೆ ಕೊಟ್ಟರು. ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ ಬರುತ್ತಿತ್ತೆಂದು ಅವನೇ ಬರೆದಿಟ್ಟಿದ್ದಾನೆ. ಮುಂದೆ, ಅವನು ನಿಜವಾದ ರಾಯಭಾರಿಯೇ ಅಲ್ಲವೆಂದು ಯಾರೋ ಚಾಡಿ ಹೇಳಿದ್ದರಿಂದ ಆ ಪಡಿ ನಿಂತೂ ಹೋಯಿತು. ಬಹಳ ದಿನ ಉಳಿದ ಅತಿಥಿಯ ಪಾಡು ಎಲ್ಲ ಕಾಲಕ್ಕೂ ಒಂದೇ!

ಆದರೆ ಹಾಗೆ ಉಳಿದದ್ದರಿಂದಲೇ ಅವನಿಗೆ ಕಾಣಿಸಿದ್ದು ಬಹಳ. ಏಳು ಸುತ್ತಿನ ಕೋಟೆ, ಮಹಾನವಮಿಯ ವೈಭವ ಎರಡು ದಿನಕ್ಕೆ ಬಂದವನ ಕಣ್ಣಿಗೂ ಬೀಳುತ್ತಿದ್ದವು. ಈ ಊರಿನ ಜನಕ್ಕೆ ಗುಲಾಬಿ ಹೂವಿಲ್ಲದೆ ದಿನ ಕಳೆಯದು ಎಂಬುದು ಕಾಣಬೇಕಾದರೆ ಮಾರುಕಟ್ಟೆಯಲ್ಲಿ ಹತ್ತು ಸಲ ಓಡಾಡಿರಬೇಕು. ಇಲ್ಲಿಯವರು ಎರಡು ಬಗೆಯಲ್ಲಿ ಬರೆಯುತ್ತಾರೆ ಎಂದೂ ಅವನು ಗುರುತಿಸಿದ. ಒಂದು, ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು. ಇನ್ನೊಂದು, ಕಪ್ಪು ಬಳಿದ ಹಾಳೆಯ ಮೇಲೆ ಲೇಖನಿಯಂತೆ ಸೀಳಿದ ಮೆತ್ತನೆಯ ಕಲ್ಲಿನಿಂದ ಬಿಳಿಯ ಅಕ್ಷರ ಮೂಡಿಸುವುದು. ಓದುತ್ತಿದ್ದಂತೆ ಕನ್ನಡದ ಮನಸ್ಸಿಗೆ ಹೊಳೆಯುತ್ತದೆ: ಇದು ಕಡತ, ಅದು ಬಳಪ. ಹೆರಾತಿನಿಂದ ಬಂದವನೊಬ್ಬ ಬಳಪವನ್ನು ಕಂಡು ಬೆರಗಾಗಿ ಬರೆದಿಟ್ಟ. ದಿನವೂ ಅದನ್ನು ಹಿಡಿದವರಿಗೆ ಅದರಲ್ಲಿ ಬರೆಯುವಂಥದ್ದು ಏನೂ ಕಂಡಿರಲಿಕ್ಕಿಲ್ಲ.

ಇಂಥ ತಂಗುವ ಪ್ರವಾಸಕ್ಕೆ ಏಷ್ಯಾ ಖಂಡವನ್ನೆಲ್ಲ ಸುತ್ತಬೇಕಾಗಿಲ್ಲ. ಹುಬ್ಬಳ್ಳಿಯ ಬಸ್ ನಿಲ್ದಾಣದ ಆಸುಪಾಸಿನ ಒಂದು ಸಾಧಾರಣ ಲಾಡ್ಜಿನಲ್ಲಿ ಒಂದು ಕುಟುಂಬ ಎಂಟು ದಿನ ಇಳಿದುಕೊಂಡಿದೆ ಎಂದು ಇಟ್ಟುಕೊಳ್ಳಿ. ಕುಂದಗೋಳ, ಕಲಘಟಗಿ, ಅಣ್ಣಿಗೇರಿ, ನವಲಗುಂದ ನಾಲ್ಕೂ ಅಲ್ಲಿಂದ ಹೆಚ್ಚುಕಡಿಮೆ 20ರಿಂದ 40 ಕಿಲೋಮೀಟರಿನ ಒಳಗಿವೆ. ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆ ಕೋಣೆಗೆ ವಾಪಸು.

ಮೊದಲನೆಯ ದಿನ ಲಾಡ್ಜಿನಲ್ಲಿ ಎಲ್ಲವೂ ತೊಡಕು. ಬಿಸಿನೀರು ಆರರಿಂದ ಎಂಟರವರೆಗೆ ಮಾತ್ರ. ರಾತ್ರಿಯೆಲ್ಲ ಬಸ್ಸುಗಳ ಹಾರನ್ನು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಮಕ್ಕಳು ಬೆಚ್ಚಿ ನೋಡುತ್ತಾರೆ. ಗುರೆಳ್ಳು ಚಟ್ನಿ ನಾಲಿಗೆಗೆ ಒಗ್ಗುವುದಿಲ್ಲ. 'ಇಡ್ಲಿ ಇಲ್ಲವಾ?' ಎಂದು ಸಣ್ಣವನು ಮುಖ ಊದಿಸುತ್ತಾನೆ. ಎರಡು ದಿನದ ಪ್ರವಾಸವಾದರೆ ಈ ಮುನಿಸೇ ನೆನಪಾಗಿ ಉಳಿಯುತ್ತದೆ. ನಾಲ್ಕನೆಯ ದಿನ ನೋಡಿ: ಬಡಿಸುವವನಿಗೆ ಹುಡುಗನ ಹೆಸರು ಗೊತ್ತಾಗಿದೆ. 'ಇನ್ನೊಂದ್ ರೊಟ್ಟಿ ಹಾಕ್ಲೇನೋ ಮರಿ?' ಎಂಬ ಮಾತಿಗೆ ಹುಡುಗ ತಟ್ಟೆ ಮುಂದೆ ಚಾಚುತ್ತಾನೆ. ಬದನೆಕಾಯಿ ಎಣ್ಣೆಗಾಯಿಗೆ ಹಸಿ ಉಳ್ಳಾಗಡ್ಡಿ ಕಚ್ಚಿಕೊಳ್ಳುವುದನ್ನು ಯಾರೂ ಹೇಳಿಕೊಡದೆ ಕಲಿತಿದ್ದಾನೆ. ಅಜ್ಜಿಯ ಎರಡನೆಯ ಪ್ರಶ್ನೆಗೆ ಉತ್ತರ ಸಿದ್ಧವಾಗುತ್ತಿದೆ.

ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ 11ನೆಯ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಕಂಬ ಎಣಿಸುವ ಆಟ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. 76 ಎಂಬ ಲೆಕ್ಕ ಸರಿಹೋಗುತ್ತದೆಯೋ ಇಲ್ಲವೋ ಎಂದು ಜಗಳವೂ ಆಗುತ್ತದೆ. ಅದಕ್ಕಿಂತ ದೊಡ್ಡ ವಿಷಯ ಆ ಕಲ್ಲಿನದು. ಈ ನಾಡಿನಲ್ಲಿ ಮೃದುವಾದ ಬಳಪದ ಕಲ್ಲಿನಿಂದ ಕಟ್ಟಿದ ಮೊದಮೊದಲ ಗುಡಿಗಳಲ್ಲಿ ಇದೂ ಒಂದು ಎಂದು ವಿದ್ವಾಂಸರು ಎಣಿಸುತ್ತಾರೆ. ಗಣಿಯಿಂದ ತೆಗೆದಾಗ ಈ ಕಲ್ಲು ಮೆತ್ತಗಿರುತ್ತದೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಬೇಲೂರು, ಹಳೇಬೀಡುಗಳಲ್ಲಿ ಹೂಬಳ್ಳಿಯ ಎಳೆ ಎಳೆಯನ್ನೂ ಬಿಡಿಸಲು ಸಾಧ್ಯವಾದದ್ದು ಇಂಥ ಕಲ್ಲಿನಿಂದಲೇ. ರಜಾಕನನ್ನು ಬೆರಗುಗೊಳಿಸಿದ ಬರೆಯುವ ಕಲ್ಲಿಗೂ ಈ ಗುಡಿಯ ಗೋಡೆಗೂ ನಂಟು ಇದೆ ಎಂದರೆ ಮಗು ಒಂದು ಸಲ ಗೋಡೆಯನ್ನು ಮುಟ್ಟಿ ನೋಡುತ್ತದೆ. 941ರಲ್ಲಿ 'ವಿಕ್ರಮಾರ್ಜುನ ವಿಜಯ' ಬರೆದ ಪಂಪನ ಹೆಸರು ಈ ಊರಿಗೆ ಅಂಟಿಕೊಂಡಿದೆ. ಅವನೂ ದೂರದ ವೇಮುಲವಾಡದ ಆಸ್ಥಾನದಲ್ಲಿ ಉಳಿದು, ಬನವಾಸಿಯನ್ನು ನೆನೆದು ಹಂಬಲಿಸಿದವನೇ.

ನವಲಗುಂದದ ದಾರಿಯಲ್ಲಿ ಕಣ್ಣು ಹಾಯುವಷ್ಟೂ ಎರೆಭೂಮಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಜೋಳ, ಕುಸುಬಿ. ಊರೊಳಗೆ ಹುತಾತ್ಮ ರೈತರ ಸ್ಮಾರಕವಿದೆ. ಮಲಪ್ರಭಾ ಅಚ್ಚುಕಟ್ಟಿನ ಕರಗಳ ವಿರುದ್ಧ ಎದ್ದ ಚಳವಳಿಯಲ್ಲಿ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗುಂಡಿಗೆ ಬಲಿಯಾದ ರೈತರ ನೆನಪು ಅದು. ಹಾದುಹೋಗುವ ಬಸ್ಸಿನಿಂದ ಅದು ಒಂದು ಕಲ್ಲು. ನಿಂತು ಪಕ್ಕದ ಚಹಾದಂಗಡಿಯ ಮುದುಕರನ್ನು ಕೇಳಿದರೆ ಒಂದು ಮಧ್ಯಾಹ್ನದ ಪಾಠ.

ಅದೇ ಊರಿನ ಓಣಿಯೊಂದರಲ್ಲಿ ಹೆಂಗಸರು ಮನೆಯೊಳಗೆ ನಿಲುಮಗ್ಗದ ಮುಂದೆ ಕೂತು ಜಮಖಾನೆ ನೇಯುತ್ತಾರೆ. ನವಿಲು, ಪಗಡೆಹಾಸಿನ ಚಿತ್ತಾರ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಸುಬು ಇದು. ಅಂಗಡಿಯಲ್ಲಿ ಬೆಲೆ ಕೇಳಿ ಹೊರಡುವವರಿಗೆ ಇಷ್ಟೇ ತಿಳಿಯುತ್ತದೆ. ಎರಡನೆಯ ಸಲ ಹೋಗಿ ಮಗ್ಗದ ಬಳಿ ಕೂತವರಿಗೆ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ: ಈ ವಿದ್ಯೆಯನ್ನು ಹಿಂದೆ ಮಗಳಿಗೆ ಕಲಿಸುತ್ತಿರಲಿಲ್ಲವಂತೆ, ಸೊಸೆಗೆ ಕಲಿಸುತ್ತಿದ್ದರಂತೆ. ಮಗಳು ಮದುವೆಯಾಗಿ ಹೋದರೆ ಗುಟ್ಟೂ ಅವಳ ಜೊತೆ ಹೋದೀತು ಎಂಬ ಹೆದರಿಕೆ. ಈಗಿನ ಹೆದರಿಕೆ ಬೇರೆ. ನೇಯುವ ಕೈಗಳು ಕಡಿಮೆಯಾಗಿವೆ. ಮಗಳಾಗಲಿ ಸೊಸೆಯಾಗಲಿ, ಕಲಿಯುವವರು ಬಂದರೆ ಸಾಕು ಎನ್ನುವ ಕಾಲ.

ಕಲಘಟಗಿಯ ಕಡೆ ತಿರುಗಿದರೆ ಭೂಮಿಯ ಬಣ್ಣವೇ ಬದಲು. ಎರೆ ಮುಗಿದು ಮಲೆನಾಡಿನ ಸೆರಗು ಹಣಕುತ್ತದೆ. ಭತ್ತದ ಗದ್ದೆ, ಕಾಡು, ತಂಬೂರಿನ ಬಸವಣ್ಣನ ಗುಡಿ. ಒಂದೇ ಜಿಲ್ಲೆಯೊಳಗೆ ಮಣ್ಣು, ಮಳೆ, ಊಟ ಮೂರೂ ಬದಲಾಗುವುದನ್ನು ಭೂಗೋಳದ ಪುಸ್ತಕಕ್ಕಿಂತ ಈ ಬಸ್ಸಿನ ಕಿಟಕಿ ಚೆನ್ನಾಗಿ ಕಲಿಸುತ್ತದೆ. ಕಲಘಟಗಿಯ ಹೆಸರು ಹೇಳಿದರೆ ನೆನಪಾಗುವುದು ಬಣ್ಣದ ತೊಟ್ಟಿಲು. ಮರದ ಮೇಲೆ ಅರಗಿನ ಬಣ್ಣ, ರಾಮಾಯಣದ, ಕೃಷ್ಣಲೀಲೆಯ ಚಿತ್ರ. ಮಾತು ಬಾರದ ಕೂಸು ಕಣ್ಣು ತೆರೆದ ಕೂಡಲೆ ಕಥೆ ಕಾಣಲಿ ಎಂದು ಯೋಚಿಸಿದವರು ದೊಡ್ಡ ಶಿಕ್ಷಣತಜ್ಞರೇ ಇರಬೇಕು!

ಇನ್ನು ಕುಂದಗೋಳ. ನಾಡಿಗೇರರ ವಾಡೆ, ಸವಾಯಿ ಗಂಧರ್ವರ ಊರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದವರು ಗಂಗೂಬಾಯಿ ಹಾನಗಲ್. ಇಲ್ಲಿ ಗುರುವಿನ ಮನೆಯಲ್ಲೇ ಉಳಿದವರು ಭೀಮಸೇನ ಜೋಶಿ. ಅವರ ಕಥೆಯನ್ನು ಪಾಲಕರೂ ಮಕ್ಕಳೂ ಜೊತೆಗೆ ಕೂತು ಕೇಳಬೇಕು. ಹಾಡುವ ಹುಚ್ಚು ಹಿಡಿದ ಹುಡುಗ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಗದಗಿನ ಮನೆ ಬಿಟ್ಟು ಹೊರಟ. ಗ್ವಾಲಿಯರ್, ಕಲ್ಕತ್ತ, ದೆಹಲಿ ಎಂದು ಅಲೆದು ಜಲಂಧರ ಸೇರಿದ. ಅಲ್ಲಿ ವಿನಾಯಕರಾವ್ ಪಟವರ್ಧನರು ಅವನಿಗೆ ಹೇಳಿದ್ದು ಇಷ್ಟು: ನಿನ್ನ ಊರಿನ ಹತ್ತಿರವೇ ಸವಾಯಿ ಗಂಧರ್ವರು ಇದ್ದಾರಲ್ಲ, ಅವರಲ್ಲಿಗೆ ಹೋಗು. ಅರ್ಧ ಭಾರತ ಸುತ್ತಿದ ಹುಡುಗ ಮರಳಿ ಬಂದು 1936ರಲ್ಲಿ ಕುಂದಗೋಳದ ಗುರುವಿನ ಬಾಗಿಲಲ್ಲಿ ನಿಂತ. ನೀರು ಹೊತ್ತ, ಮನೆಗೆಲಸ ಮಾಡಿದ, ವರ್ಷಗಟ್ಟಲೆ ಉಳಿದ. ಊರೂರು ಅಲೆದು ಸಿಗದಿದ್ದದ್ದು ಒಂದು ಕಡೆ ನೆಲೆನಿಂತಾಗ ಸಿಕ್ಕಿತು. ಹಾಗೆಂದು ಮಕ್ಕಳು ಮನೆ ಬಿಟ್ಟು ಓಡಬೇಕಾಗಿಲ್ಲ. ದೂರದಲ್ಲಿ ಹುಡುಕುವ ಮೊದಲು ಹತ್ತಿರದಲ್ಲಿ ಏನಿದೆ ಎಂದು ಕೇಳಿಕೊಂಡರೆ ಸಾಕು.

ಎಂಟು ದಿನ ಲಾಡ್ಜಿನಲ್ಲಿರಲು ದುಡ್ಡು ಬೇಕಲ್ಲ ಎಂದು ಅನೇಕ ತಂದೆತಾಯಿಗಳು ಕೇಳಬಹುದು. ನ್ಯಾಯವಾದ ಮಾತು. ಹೋಗಲಾಗದವರಿಗೂ ಒಂದು ದಾರಿ ಇದೆ. ಈ ನಾಲ್ಕು ಊರುಗಳಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಎಷ್ಟೋ ಮಂದಿ 'ನಮ್ಮೂರಾಗ ನೋಡೂವಂಥಾದ್ದು ಏನೈತ್ರೀ?' ಎನ್ನುತ್ತಾರೆ. ನಷ್ಟ ಇರುವುದು ಇಲ್ಲಿ. ಸಿಂಗಪುರ ನೋಡದ ಮಗು ಮುಂದೆ ಎಂದಾದರೂ ನೋಡೀತು. ತನ್ನ ಊರಿನಲ್ಲಿ ನೋಡಲು ಏನೂ ಇಲ್ಲವೆಂದು ನಂಬಿಕೊಂಡ ಮಗು ಎಲ್ಲಿಗೆ ಹೋದರೂ ಪಟ್ಟಿಯನ್ನಷ್ಟೇ ತರುತ್ತದೆ. ಓದಲೆಂದು ಧಾರವಾಡದ ಹಾಸ್ಟೆಲಿಗೆ ಬಂದು ಸೇರಿದಾಗಲೂ, 'ನಿಮ್ಮೂರು ಹೇಗೆ?' ಎಂದು ಗೆಳೆಯರು ಕೇಳಿದರೆ ತಲೆ ತಗ್ಗಿಸುತ್ತದೆ.

ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಗೇರುಸೊಪ್ಪೆಯ ಕಡೆಯಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೊರಟಿದ್ದ. ದಾರಿಯಲ್ಲಿ ಒಂದು ಕಡೆ ತಂಗಬೇಕಾಯಿತು. ಹೊತ್ತು ಹೋಗದೆ ಗುಡಿಯ ಮೊಗಸಾಲೆಯಲ್ಲಿ ಕೂತ. ಅಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಒಬ್ಬ ರಾಗವಾಗಿ ಹೇಳುತ್ತ ಬೆರಳಿನಿಂದ ಬರೆದರೆ ಉಳಿದವರೂ ಹಾಡುತ್ತ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು. ಕಾಗದವೂ ಬೇಡ, ಶಾಯಿಯೂ ಬೇಡ. ಗುರುಗಳಿಲ್ಲದಾಗ ಮರೆತರೆ ಯಾರು ತಿದ್ದುತ್ತಾರೆ ಎಂದು ಅವನು ಕೇಳಿದ. ಎಲ್ಲರೂ ಒಟ್ಟಿಗೆ ಒಂದೇ ಜಾಗ ಮರೆಯುವುದಿಲ್ಲವಲ್ಲ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ ಎಂಬ ಅರ್ಥದ ಉತ್ತರ ಕೊಟ್ಟರು ಆ ಹುಡುಗರು. ಅವನಿಗೆ ಆ ವಿದ್ಯೆ ಬಹಳ ಸೊಗಸೆನಿಸಿ ಊರಿಗೆ ಕಾಗದ ಬರೆದ. ಹುಡುಗರಿಗೆ ಅದು ದಿನದ ಪಾಠ, ಅಷ್ಟೇ. ಪ್ರವಾಸಿಯೊಬ್ಬ ಒಂದು ದಿನ ತಡೆದು ಕೂತದ್ದರಿಂದ ಕನ್ನಡದ ಮಕ್ಕಳ ಆ ಪಾಠ ನಾಲ್ಕು ನೂರು ವರ್ಷದ ಮೇಲೂ ಉಳಿದಿದೆ.

ಈ ರಜದಲ್ಲಿ ಎಲ್ಲಿಗೂ ಹೋಗದ ಮಗುವಿಗೆ ಒಂದು ಇಪ್ಪತ್ತು ಪುಟದ ನೋಟುಬುಕ್ಕು ಕೊಡಿಸಿ. ನಿನ್ನ ಊರಿಗೆ ನೀನೇ ಹೊಸದಾಗಿ ಬಂದು ಎಂಟು ದಿನ ಇಳಿದುಕೊಂಡಿದ್ದೀಯ ಎಂದು ಹೇಳಿ. ದಿನಕ್ಕೊಂದು ಪುಟ: ಯಾರು ಏನು ನೇಯುತ್ತಾರೆ, ಯಾವ ಹೊಲದಲ್ಲಿ ಏನು ಬೆಳೆಯುತ್ತದೆ, ಗುಡಿಯ ಕಂಬ ಎಷ್ಟು, ಆ ಕಲ್ಲು ಎಂಥದು. ಕೊನೆಯ ಪುಟ ಅಜ್ಜಿಗೆ ಬಿಡಲಿ. ಪ್ರಶ್ನೆ ಕೇಳುವವರು ಅವರೇ, ಬಹಳಷ್ಟು ಉತ್ತರ ಗೊತ್ತಿರುವವರೂ ಅವರೇ.