ನಿಜಕಥೆ ಸರಿ, ಸಿನಿಮಾ ಗೆದ್ದಿತಾ?

ಬಯೋಪಿಕ್ ನೋಡಿದ ಕೂಡಲೇ ನಾವು ಗೂಗಲ್ ಮಾಡೋದು ಒಂದೇ: 'ನಿಜವಾಗ್ಲೂ ಹೀಗೇ ನಡೆದಿತ್ತಾ?' ನನ್ನ ಪ್ರಶ್ನೆ ಬೇರೆ. ಈ ಮನುಷ್ಯ ಸೋತರೆ ಏನು ಕಳ್ಕೊಳ್ತಾನೆ ಅನ್ನೋದು ನಮಗೆ ತಟ್ಟಿತಾ? ತಟ್ಟದಿದ್ದರೆ ಅದು ಹಿನ್ನೆಲೆ ಸಂಗೀತ ಹಾಕಿದ ವಿಕಿಪೀಡಿಯ ಪುಟ, ಅಷ್ಟೇ.

2020ರ ತಮಿಳು ಚಿತ್ರ 'ಸೂರರೈ ಪೋಟ್ರು' ತಗೊಳ್ಳಿ. ನಿರ್ದೇಶಕಿ ಸುಧಾ ಕೊಂಗರ, ನಾಯಕ ಸೂರ್ಯ. ಮೂಲ ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬರೆದ 'ಸಿಂಪ್ಲಿ ಫ್ಲೈ'. ಭೂಸೇನೆಯಲ್ಲಿದ್ದ ಗೋಪಿನಾಥ್ ತೆರೆ ಮೇಲೆ ಮದುರೆ ಕಡೆಯ ಹಳ್ಳಿ ಹುಡುಗ, ವಾಯುಪಡೆಯ ಮಾರನ್ ಆಗಿದ್ದಾರೆ. ಊರು ಬದಲಾಯ್ತು ಅಂತ ನನಗೇನೂ ಬೇಜಾರಿಲ್ಲ.

ಯಾಕಂದ್ರೆ ಚಿತ್ರದ ಅತ್ಯುತ್ತಮ ದೃಶ್ಯವೇ ಕಲ್ಪನೆ. ಅಪ್ಪ ಸಾಯುವ ಸ್ಥಿತಿಯಲ್ಲಿದ್ದಾರೆ. ಟಿಕೆಟ್ಟಿಗೆ ದುಡ್ಡು ಸಾಲದೆ ಮಾರನ್ ಏರ್‌ಪೋರ್ಟಿನಲ್ಲಿ ಗುರುತಿಲ್ಲದವರ ಮುಂದೆ ಕೈ ಚಾಚುತ್ತಾನೆ. ಊರು ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದಿರುತ್ತೆ. ಅಲ್ಲಿಂದ ಮುಂದೆ 'ಅಗ್ಗದ ಟಿಕೆಟ್' ಬರೀ ಬಿಸಿನೆಸ್ ಪ್ಲಾನ್ ಅಲ್ಲ, ಎದೆಯ ಗಾಯ. ಬೇಕರಿ ನಡೆಸೋ ಹೆಂಡತಿಯ ಹತ್ರ ಸಾಲ ಕೇಳಲು ಅವನು ತಡವರಿಸೋದೂ ಹಾಗೇ. ಗಲಾಟೆ ಇಲ್ಲ, ಆದರೆ ಸ್ವಾಭಿಮಾನ ಪಣಕ್ಕಿದೆ.

ಎಡವಿದ್ದು ಖಳನಾಯಕನಲ್ಲಿ. ವಿಮಾನ ಸಂಸ್ಥೆ ಕಟ್ಟೋದು ಅಂದರೆ ಲೈಸೆನ್ಸು, ಬಂಡವಾಳ, ಇಂಧನದ ಬೆಲೆ, ಹೀಗೆ ನೂರೆಂಟು ಅಡ್ಡಿ. ಸಿನಿಮಾ ಬಹುಪಾಲು ಅದನ್ನೆಲ್ಲಾ ಪರೇಶ್ ರಾವಲ್ ಪಾತ್ರದ ತಲೆಗೆ ಕಟ್ಟುತ್ತೆ. ಅವರು ಫೋನ್ ಎತ್ತಿದರೆ ಮುಂದೇನು ಅಂತ ನಮಗೆ ಮೊದಲೇ ಗೊತ್ತು. ಕುತೂಹಲ ಅಲ್ಲೇ ಸತ್ತುಹೋಗುತ್ತೆ.

ಇನ್ನೊಂದು ಕೊರತೆ, ಕೊನೆಯ ಅಂಕ. ಹಳ್ಳಿಯವರು ವಿಮಾನ ಹತ್ತುತ್ತಾರೆ, ನಮ್ಮ ಕಣ್ಣು ಒದ್ದೆ, ಶುಭಂ. ನಿಜದಲ್ಲಿ 2003ರಲ್ಲಿ ಹಾರಿದ ಏರ್ ಡೆಕ್ಕನ್‌ನಲ್ಲಿ 2007ಕ್ಕೆ ಕಿಂಗ್‌ಫಿಶರ್‌ನ ಯುಬಿ ಗ್ರೂಪ್ ಪಾಲು ಕೊಂಡಿತು. ಮರುವರ್ಷ ಡೆಕ್ಕನ್ ಹೆಸರೇ ಹೋಗಿ 'ಕಿಂಗ್‌ಫಿಶರ್ ರೆಡ್' ಆಯ್ತು. 2012ರಲ್ಲಿ ಕಿಂಗ್‌ಫಿಶರ್ ಕೂಡ ನಿಂತುಹೋಯ್ತು. ಬಡವರಿಗಾಗಿ ಕಟ್ಟಿದ್ದನ್ನು ಐಷಾರಾಮಿ ಕಂಪನಿಗೆ ಒಪ್ಪಿಸಬೇಕಾದವನ ಸಂಕಟ ಇದೆಯಲ್ಲ, ಅದಕ್ಕಿಂತ ದೊಡ್ಡ ನಾಟಕ ಬೇಕಾ? ಚಿತ್ರ ಅದನ್ನು ಮುಟ್ಟೋದೇ ಇಲ್ಲ.

ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂದಿದೆ, ಸಂತೋಷ. ನನ್ನ ಲೆಕ್ಕದಲ್ಲಿ ಇದು ಮುಕ್ಕಾಲು ಗೆದ್ದ ಸಿನಿಮಾ. ಮುಂದಿನ ಬಯೋಪಿಕ್ ನೋಡುವಾಗ 'ನಿಜಘಟನೆ ಆಧಾರಿತ' ಅನ್ನೋ ಸಾಲನ್ನು ಮನಸ್ಸಲ್ಲೇ ಅಳಿಸಿ ನೋಡಿ. ಆಗಲೂ ಫೋನ್ ಮುಟ್ಟದೆ ಕೂತಿದ್ರೆ, ಅದು ಗೆದ್ದ ಹಾಗೆ.