ಚೂರಿಯ ಮುಂದೆ ಬರಿಗೈ

ಹುಡುಗಿಯನ್ನು ಚುಡಾಯಿಸಿದವರನ್ನು ಆಕ್ಷೇಪಿಸಿದ ತರುಣನೊಬ್ಬನನ್ನು 2012ರ ಡಿಸೆಂಬರಿನಲ್ಲಿ ಡೊಂಬಿವಲಿಯಲ್ಲಿ ಇರಿದು ಕೊಂದುದನ್ನು ವಾಚಕರು ಮರೆತಿರಲಾರರು. ಠಾಣೆ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಹೋಟೆಲಿನ ಶಟರು ಎಳೆದು ಕಡೆಯ ಲೋಕಲಿಗೆ ಓಡುವ ನಮ್ಮ ತರುಣರು ಕರಾಟೆ ಕಲಿಯಬಯಸುವುದು ಸಹಜವೇ ಆಗಿದೆ. ಆದರೆ ಚೂರಿ ಹಿಡಿದವನನ್ನು ಮಿಂಚಿನಂಥ ಕೈಚಳಕದಿಂದ ಗೆಲ್ಲಬಹುದೆಂಬ ಭ್ರಮೆಯು ಅವರಲ್ಲಿ ಬೆಳೆಯುವುದಾದರೆ ಎರಡು ಮಾತು ಹೇಳದೆ ಇರಲಾರೆವು.

ಕಣ್ಣು ಕಂಡದ್ದಕ್ಕೆ ಕೈ ಚಲಿಸತೊಡಗಲು ಆರೋಗ್ಯವಂತನಿಗೂ ಸುಮಾರು ಸೆಕೆಂಡಿನ ಐದರಲ್ಲೊಂದು ಪಾಲು ಬೇಕು. ಅದೂ ಮಾಡಬೇಕಾದುದು ಒಂದೇ ಆಗಿದ್ದಾಗ. ಆಯ್ಕೆಗಳು ಹೆಚ್ಚಿದಂತೆ ವಿಳಂಬವೂ ಹೆಚ್ಚುವುದೆಂದು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಹಿಕ್ 1952ರಲ್ಲಿಯೇ ತೋರಿಸಿದರು. ಹತ್ತು ಪಟ್ಟುಗಳನ್ನು ಅರೆಬರೆ ಕಲಿತವನು ಒಂದನ್ನು ಚೆನ್ನಾಗಿ ಕಲಿತವನಿಗಿಂತ ನಿಧಾನಿಯಾಗುವುದು ಹೀಗೆ. ಚೂರಿ ಹಿಡಿದವನು 21 ಅಡಿಗಳನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟಿ ಮೈಮೇಲೆ ಬೀಳುವನೆಂದು ಅಮೆರಿಕದ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯೂಲರ್ 1983ರಲ್ಲಿ ಬರೆದರು. ಸೊಂಟದ ಪಿಸ್ತೂಲನ್ನು ಎಳೆದು ಗುಂಡು ಹಾರಿಸಲು ನುರಿತ ಪೊಲೀಸನಿಗೂ ಅಷ್ಟೇ ಹೊತ್ತು ಹಿಡಿಯುತ್ತದೆ. 21 ಅಡಿಯೆಂದರೆ ನಮ್ಮ ಸಾಧಾರಣ ಹೋಟೆಲಿನ ಗಲ್ಲಾದಿಂದ ಅಡಿಗೆಮನೆಯ ಬಾಗಿಲಿಗಿರುವ ದೂರ!

ಹಾಗೆಂದು ಅಭ್ಯಾಸವು ವ್ಯರ್ಥವಲ್ಲ. ಅಪಾಯವನ್ನು ಬೇಗ ಗುರುತಿಸುವುದು, ಮೊದಲೇ ನಿಶ್ಚಯಿಸಿಕೊಂಡ ಒಂದೆರಡು ಕ್ರಿಯೆಗಳನ್ನು ತಡವರಿಸದೆ ಮಾಡುವುದು, ಇವು ಅಭ್ಯಾಸದಿಂದಲೇ ಬರತಕ್ಕವು. 2008ರ ನವೆಂಬರ್ 26ರ ರಾತ್ರಿ, ನಮ್ಮ ಕಲ್ಯಾಣದ ಗಾಡಿಗಳು ಹೊರಡುವ ಛತ್ರಪತಿ ಶಿವಾಜಿ ಟರ್ಮಿನಸಿನಲ್ಲಿ ಗುಂಡು ಸಿಡಿದಾಗ, ಉದ್ಘೋಷಕ ವಿಷ್ಣು ಝೆಂಡೆಯವರು ಹಿಂಬದಿಯ ದಾರಿಯಿಂದ ಹೊರಹೋಗಿರೆಂದು ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಕೂಗಿ ಅನೇಕರ ಜೀವ ಉಳಿಸಿದರು. ದಿನನಿತ್ಯ ಮಾಡುತ್ತಿದ್ದ ಕೆಲಸವೇ ಅವರಿಗೆ ಒದಗಿತು. ಅದೇ ರಾತ್ರಿ ಗಿರಗಾಂವ್ ಚೌಪಾಟಿಯಲ್ಲಿ ಲಾಠಿಯೊಂದಿಗೆ ನಿಂತಿದ್ದ ತುಕಾರಾಮ ಓಂಬ್ಳೆಯವರು ಕಸಬನ ಬಂದೂಕಿನ ನಳಿಕೆಯನ್ನು ಹಿಡಿದು ಪ್ರಾಣವನ್ನೇ ತೆತ್ತರು; ಅವನು ಜೀವಂತ ಸಿಕ್ಕಿದನು. ಅಶೋಕ ಚಕ್ರಕ್ಕೆ ಪಾತ್ರವಾದ ಅಂಥ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಗಲ್ಲಾದ ನಾಲ್ಕು ಸಾವಿರ ರೂಪಾಯಿಗಾಗಿ ಅದನ್ನು ನಮ್ಮ ಹುಡುಗರಿಂದ ಅಪೇಕ್ಷಿಸಲಾರೆವು.

ಕಾನೂನಿನ ಮಾತೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ನೆಯ ಕಲಮು ಆತ್ಮರಕ್ಷಣೆಯ ಹಕ್ಕನ್ನು ಮನ್ನಿಸುತ್ತದೆ. ಅಗತ್ಯಕ್ಕೆ ಮೀರಿದ ಹಾನಿಯನ್ನು 37ನೆಯ ಕಲಮು ಒಪ್ಪುವುದಿಲ್ಲ. ಬಿದ್ದವನನ್ನು ಸುತ್ತುಗಟ್ಟಿ ಬಡಿಯುವುದು ಆತ್ಮರಕ್ಷಣೆಯೆನಿಸದು.

ಆದುದರಿಂದ ನಮ್ಮ ಸಂಘಗಳು ವ್ಯಾಯಾಮದ ತರಗತಿ ನಡೆಸುವುದಾದರೆ ಸರಳವಾದುದನ್ನೇ ಕಲಿಸಲಿ: ಚೀಲವನ್ನು ದೂರಕ್ಕೆಸೆದು ಬೇರೆ ದಿಕ್ಕಿಗೆ ಓಡುವುದು, ನಡುವೆ ಮೇಜನ್ನೋ ಕುರ್ಚಿಯನ್ನೋ ಇರಿಸಿಕೊಳ್ಳುವುದು, ಗಟ್ಟಿಯಾಗಿ ಕೂಗುವುದು, 112ಕ್ಕೂ ರೈಲಿನಲ್ಲಾದರೆ 139ಕ್ಕೂ ಕರೆಮಾಡುವುದು.

ಇನ್ನು ಮಾಲೀಕರ ವಿಷಯ. ದಿನದ ವ್ಯಾಪಾರದ ಹಣವನ್ನು ರಾತ್ರಿ ಮಾಣಿಯ ಕೈಯಲ್ಲಿ ಕಳುಹಿಸುವ ರೂಢಿಯುಂಟು. ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ ನಾವೂ ಹಾಗೆ ಮಾಡಿದವರೇ. "ಹಣ ಹೋದರೆ ಹೋಗಲಿ, ನೀನು ಬಾರಪ್ಪ" ಎಂದು ಆ ಹುಡುಗನಿಗೆ ಒಮ್ಮೆಯೂ ಹೇಳಲಿಲ್ಲ. ಹೇಳದಿದ್ದರೆ, ಸಂಬಳದಲ್ಲಿ ಮುರಿದುಕೊಳ್ಳುವರೆಂಬ ಭಯದಿಂದ ಅವನು ಚೂರಿಯ ಮುಂದೆಯೂ ಚೀಲವನ್ನು ಬಿಡಲು ಅನುಮಾನಿಸುತ್ತಾನೆ. ಅವನ ಜೀವಕ್ಕೆ ಎರವಾಗುವುದು ಆ ಅರೆಕ್ಷಣವೇ. ಮಾಲೀಕರು ಆ ಮಾತನ್ನು ಕೆಲಸಕ್ಕೆ ಸೇರಿಸಿಕೊಂಡ ದಿನವೇ, ಭಟ್ಟರೂ ಸಪ್ಲಾಯರುಗಳೂ ಕೇಳುವಂತೆ ಹೇಳಿಬಿಡಬೇಕು.